ಬೀಗ ನಿಮ್ಮದು, ಕೀಲಿ ಯಾರ ಕೈಲಿ?



ಮೊದಲು ನನ್ನ ಮಾನ ಹೋದ ಕಥೆ ಹೇಳಿಬಿಡುತ್ತೇನೆ. ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿದೆಯೋ ಇಲ್ಲವೋ, ಆಮೇಲೆ ನೀವೇ ತೀರ್ಮಾನಿಸಿ.

ನಮ್ಮದು ಅಪ್ಪನ ಕಾಲದ ಪ್ರೆಸ್ಸು. ಟ್ರೆಡಲ್ ಮೆಷಿನ್ನಿನ ಸದ್ದಿಗೆ ನಿದ್ದೆ ಹೋಗಿ, ಅಚ್ಚುಮೊಳೆಗಳ ಜೊತೆ ಆಟ ಆಡಿ ಬೆಳೆದವನು ನಾನು. ಪಿಯುಸಿ ಮುಗಿದ ವರ್ಷವೇ ಪುಸ್ತಕ ಮುಚ್ಚಿ ಪ್ರೆಸ್ಸಿನ ಬಾಗಿಲು ತೆರೆದೆ. ಕರಪತ್ರ, ಬಿಲ್ ಬುಕ್ಕು, ರಾಜ್ಯೋತ್ಸವದ ಪೋಸ್ಟರು ಎಲ್ಲ ಅಚ್ಚು ಹಾಕಿದ್ದೇನೆ. ಆದರೆ ಮನೆಯ ಒಲೆ ಉರಿಸಿದ್ದು ಲಗ್ನಪತ್ರಿಕೆ. ಎಷ್ಟು ಸಾವಿರ ಮದುವೆಗಳ ಕರೆಯೋಲೆ ನನ್ನ ಕೈ ದಾಟಿ ಹೋಗಿದೆಯೋ ಲೆಕ್ಕವಿಲ್ಲ. 'ಸುಪುತ್ರ'ದ ಒತ್ತಕ್ಷರ ಕೊಂಚ ಜಾರಿದ್ದರೂ ಮಾರು ದೂರದಿಂದ ಹಿಡಿಯುವ ಕಣ್ಣು ನನ್ನದು ಅಂತ ಬೀಗುತ್ತಿದ್ದೆ.

ಅಂಥ ನಾನು ಹೋದ ವರ್ಷ ಮುಳುಗಿದ್ದು ಒಂದು ಲಗ್ನಪತ್ರಿಕೆಯಿಂದ.

ಮದುವೆ ಸೀಸನ್ನು. ರಾತ್ರಿ ಒಂಬತ್ತೂವರೆ. ಬೈಂಡಿಂಗ್ ಹುಡುಗರು ಹೊರಟಿದ್ದರು. ವಾಟ್ಸಾಪಿಗೆ ಹಳೆಯ ಗಿರಾಕಿಯೊಬ್ಬರ ನಂಬರಿನಿಂದ ಒಂದು ಫೈಲು ಬಂತು. 'ಮದುವೆಯ ಮಮತೆಯ ಕರೆಯೋಲೆ' ಅಂತ ಅಪ್ಪಟ ಕನ್ನಡದಲ್ಲಿ ಒಂದು ಸಾಲು. ಮಗಳ ಮದುವೆ ಗೊತ್ತಾಗಿರಬೇಕು, ಮಾದರಿ ಕಳಿಸಿದ್ದಾರೆ ಅಂದುಕೊಂಡೆ. ಒತ್ತಿದೆ. ಫೋನು ಇಂಗ್ಲಿಷಿನಲ್ಲಿ ಏನೋ ಕೇಳಿತು. ಒಪ್ಪಿಗೆ ಕೊಟ್ಟೆ. ಮತ್ತೊಂದು ಕೇಳಿತು. ಅದಕ್ಕೂ ಕೊಟ್ಟೆ. ಮೂರನೆಯದನ್ನು ಓದಲೂ ಇಲ್ಲ. ಪತ್ರಿಕೆ ಮಾತ್ರ ತೆರೆಯಲಿಲ್ಲ. ಫೈಲು ಕೆಟ್ಟಿರಬೇಕು ಎಂದು ಷಟರ್ ಎಳೆದು ಮನೆಗೆ ಹೋದೆ.

ಬೆಳಿಗ್ಗೆ ಎದ್ದಾಗ ಖಾತೆಯಲ್ಲಿದ್ದ 86,500 ರೂಪಾಯಿ ಎರಡೇ ಸಲಕ್ಕೆ ಖಾಲಿ. ಸುಲ್ತಾನ್‌ಪೇಟೆಯ ಕಾಗದದ ವ್ಯಾಪಾರಿಗೆ ಕೊಡಬೇಕಿದ್ದ ದುಡ್ಡು. ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಅದೇ ಕರೆಯೋಲೆ ನನ್ನ ನಂಬರಿನಿಂದ ನನ್ನ ಎಲ್ಲ ಗಿರಾಕಿಗಳಿಗೂ ಹೋಗಿತ್ತು. ಪ್ರೆಸ್ಸಿನವರು ಕಳಿಸಿದ್ದಾರೆ ಎಂದು ನಂಬಿ ಎಷ್ಟು ಜನ ಒತ್ತಿದರೋ!

ಆಮೇಲೆ ನಾನು ಮಾಡಿದ್ದು ಮೊದಲನೆಯದಕ್ಕಿಂತ ದೊಡ್ಡ ತಪ್ಪು. ಎರಡು ದಿನ ಬಾಯಿ ಬಿಡಲಿಲ್ಲ. ಹೆಂಡತಿಗೆ ಹೇಳಲು ನಾಚಿಕೆ, ಮಗನಿಗೆ ಹೇಳಲು ಅಹಂಕಾರ, ಪೊಲೀಸರಿಗೆ ಹೇಳಲು ಭಯ. ಮೂರನೆಯ ದಿನ 1930ಕ್ಕೆ ಫೋನು ಮಾಡಿದೆ. ಅಷ್ಟರಲ್ಲಿ ದುಡ್ಡು ನಾಲ್ಕಾರು ಖಾತೆಗಳಿಗೆ ಹಂಚಿಹೋಗಿ, ಎಟಿಎಮ್ಮುಗಳಿಂದ ನೋಟಾಗಿ ಹೊರಬಂದಿತ್ತು. ಒಂದು ಖಾತೆಯಲ್ಲಿ ಉಳಿದಿದ್ದ 6,200 ರೂಪಾಯಿ ಮಾತ್ರ ಸಿಕ್ಕಿತು. ಆ ಎರಡು ದಿನದ ಮೌನಕ್ಕೆ ನಾನು ತೆತ್ತ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಇದನ್ನೆಲ್ಲ ಇಲ್ಲಿ ಯಾಕೆ ಬರೆಯುತ್ತಿದ್ದೇನೆ? 2024ನೇ ಇಸವಿಯೊಂದರಲ್ಲೇ ನಮ್ಮ ದೇಶದ ಜನ ಸೈಬರ್ ವಂಚಕರಿಗೆ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಗೃಹ ಇಲಾಖೆಯೇ ಸಂಸತ್ತಿಗೆ ತಿಳಿಸಿದೆ. ಇದು ದೂರು ಕೊಟ್ಟವರ ಲೆಕ್ಕ. ನನ್ನ ಹಾಗೆ ನಾಚಿಕೊಂಡು ಕೂತು, ಕೊನೆಗೂ ಬಾಯಿ ಬಿಡದವರ ಲೆಕ್ಕ ಯಾವ ಇಲಾಖೆಯಲ್ಲೂ ಇಲ್ಲ.

ಫೋನಿನ ಒಳಗೆ ನಡೆದದ್ದೇನು?

ಬಂದದ್ದು ಪತ್ರಿಕೆಯೇ ಅಲ್ಲ. ಫೈಲಿನ ಹೆಸರಿನ ಬಾಲದಲ್ಲಿ 'ಎಪಿಕೆ' ಎಂಬ ಮೂರಕ್ಷರ ಇತ್ತು. ಚಿತ್ರವಾದರೆ ಜೆಪಿಜಿ, ಕಾಗದವಾದರೆ ಪಿಡಿಎಫ್ ಎಂದಿರುತ್ತದೆ. ಎಪಿಕೆ ಎಂದರೆ ಆಂಡ್ರಾಯ್ಡ್ ಫೋನಿಗೆ ಹೊಸ ಆ್ಯಪ್ ಹಾಕುವ ಗಂಟು. ಪತ್ರಿಕೆ ನೋಡುತ್ತೇನೆಂದು ಹೋಗಿ ಅಪರಿಚಿತನನ್ನು ಮನೆಯೊಳಗೆ ಕರೆದು ಕೂರಿಸಿದ್ದೆ. 2024ರ ಕೊನೆಯಲ್ಲಿ ಹಿಮಾಚಲ ಪ್ರದೇಶದ ಸೈಬರ್ ಪೊಲೀಸರು ಇದೇ ಮದುವೆ ಕರೆಯೋಲೆಯ ಮೋಸದ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು. ಹಿಮಾಚಲದ ಸುದ್ದಿ ನಮಗ್ಯಾಕೆ ಎಂದು ಪುಟ ತಿರುಗಿಸಿದವರಲ್ಲಿ ನಾನೂ ಒಬ್ಬ. ಈಗ ಅದೇ ಗಂಟು ಟ್ರಾಫಿಕ್ ದಂಡದ ಚಲನ್ ಎಂಬ ಹೆಸರಿನಲ್ಲಿ, ಬ್ಯಾಂಕಿನ ಕೆವೈಸಿ ಹೆಸರಿನಲ್ಲಿ, ಸರ್ಕಾರಿ ಯೋಜನೆಯ ಹೆಸರಿನಲ್ಲಿ ಬರುತ್ತಿದೆ.

ಒಳಗೆ ಬಂದವನು ಮೊದಲು ಕೇಳುವುದು ಎಸ್ಎಮ್ಮೆಸ್ ಓದುವ ಅನುಮತಿ. ಅದು ಸಿಕ್ಕರೆ ನಿಮಗೆ ಬರುವ ಒಟಿಪಿ ಅವನಿಗೂ ಬರುತ್ತದೆ. 'ಒಟಿಪಿ ಯಾರಿಗೂ ಹೇಳಬೇಡಿ' ಎಂಬ ಬುದ್ಧಿವಾದ ಇಲ್ಲಿ ಕೆಲಸಕ್ಕೆ ಬಾರದು, ನೀವು ಹೇಳುವುದೇ ಬೇಕಿಲ್ಲವಲ್ಲ! ಆಮೇಲೆ ಕೇಳುವುದು 'ಆಕ್ಸೆಸಿಬಿಲಿಟಿ' ಎಂಬ ಅನುಮತಿ. ಕಣ್ಣು ಕಾಣದವರಿಗೆ, ಕೈ ಆಡದವರಿಗೆ ಫೋನು ಬಳಸಲು ನೆರವಾಗಲಿ ಎಂದು ಮಾಡಿದ ಒಳ್ಳೆಯ ಸೌಲಭ್ಯ ಅದು. ಅದನ್ನು ಕಳ್ಳನ ಕೈಗೆ ಕೊಟ್ಟರೆ ನಿಮ್ಮ ಪರದೆ ಅವನು ಓದುತ್ತಾನೆ, ನಿಮ್ಮ ಬೆರಳಿಲ್ಲದೆ ಗುಂಡಿ ಒತ್ತುತ್ತಾನೆ. ನೀವು ಮಲಗಿರುತ್ತೀರಿ, ಫೋನು ಎದ್ದು ಕೂತು ದುಡ್ಡು ಕಳಿಸುತ್ತಿರುತ್ತದೆ.

ಹೊಸ ವಿದ್ಯೆ ಅಂದುಕೊಳ್ಳಬೇಡಿ. 2000ನೇ ಇಸವಿಯ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ 'ಐ ಲವ್ ಯೂ' ಎಂಬ ಈಮೇಲು ನೆನಪಿದೆಯೇ? ನಿಮ್ಮಲ್ಲಿ ಎಷ್ಟೋ ಜನ ಆಗ ಹುಟ್ಟಿರಲಿಲ್ಲ. ಪ್ರೇಮಪತ್ರದ ವೇಷದ ಆ ಫೈಲು ತೆರೆದವರ ಕಂಪ್ಯೂಟರಿನ ಕಡತಗಳು ಹಾಳು, ಅವರ ವಿಳಾಸಪುಸ್ತಕದಲ್ಲಿದ್ದ ಎಲ್ಲರಿಗೂ ಅದೇ ಪ್ರೇಮಪತ್ರ. ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳು ಕೆಲವೇ ದಿನಗಳಲ್ಲಿ ಮಲಗಿದವು. ಅಂದು ಪ್ರೇಮಪತ್ರ, ಇಂದು ಲಗ್ನಪತ್ರಿಕೆ. ಕಾಲು ಶತಮಾನದಲ್ಲಿ ಪ್ರೇಮ ಮದುವೆಗೆ ಬಂತು, ಮೋಸ ಮಾತ್ರ ಇದ್ದಲ್ಲೇ ಇದೆ. ಪರಿಚಿತರ ಹೆಸರು, ಆಸೆ ಅಥವಾ ಆತುರ, ಒತ್ತಲು ಒಂದು ಗುಂಡಿ.

ಕನ್ನಡ ಮಾತಾಡಿದವನೆಲ್ಲ ನಮ್ಮವನೇ?

ಈಗ ನಮ್ಮ ಕಾಲಿನ ಬುಡಕ್ಕೇ ಬರೋಣ. ನಾವು ಕನ್ನಡದವರು. ಬ್ಯಾಂಕಿನಿಂದ ಫೋನು ಬಂದು ಆ ಕಡೆಯವರು ಕನ್ನಡ ಮಾತಾಡದಿದ್ದರೆ ಜಗಳಕ್ಕೆ ನಿಲ್ಲುತ್ತೇವೆ. ನಿಲ್ಲಲೇಬೇಕು. ಆದರೆ ಈ ಅಭಿಮಾನದಲ್ಲೇ ಒಂದು ಬಿಲವಿದೆ. ಯಾರಾದರೂ ಅಚ್ಚಗನ್ನಡದಲ್ಲಿ 'ನಮಸ್ಕಾರ ಸರ್, ಊಟ ಆಯ್ತಾ?' ಎಂದರೆ ನಾವು ಕರಗಿ ನೀರಾಗುತ್ತೇವೆ. ಕಳ್ಳನಿಗೆ ಇದು ಗೊತ್ತಿದೆ. ಅವನ ಗುಂಪಿನಲ್ಲಿ ಈಗ ಕನ್ನಡ ಬಲ್ಲವರಿದ್ದಾರೆ. ಕನ್ನಡ ಬಾರದವನಿಗೂ ಯಂತ್ರವೇ ಕನ್ನಡ ಬರೆದುಕೊಡುತ್ತದೆ. ಹಿಂದೆಲ್ಲ ಮೋಸದ ಸಂದೇಶವನ್ನು ಅದರ ಕೆಟ್ಟ ಕನ್ನಡದಿಂದಲೇ ಗುರುತು ಹಿಡಿಯಬಹುದಿತ್ತು. ಆ ಕಾಲ ಹೋಯಿತು. ನನಗೆ ಬಂದ ಕರೆಯೋಲೆಯ ಸಾಲಿನಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ ಎಂಬುದು ನನ್ನ ಪ್ರೂಫ್ ನೋಡುವ ಕಣ್ಣಿಗೆ ಆದ ಅವಮಾನ.

ಇನ್ನೊಂದು ಕಡೆಯೂ ನೋಡಿ. ನನ್ನನ್ನು ಒಳಗೆ ಕರೆದ ಸಾಲು ಕನ್ನಡದಲ್ಲಿತ್ತು. ಅಪಾಯ ಎಂದು ಎಚ್ಚರಿಸಿದ ಪೆಟ್ಟಿಗೆ ಇಂಗ್ಲಿಷಿನಲ್ಲಿತ್ತು! ಕಳ್ಳನಿಗೆ ನನ್ನ ಭಾಷೆ ಬೇಕಾಯಿತು, ಕಾವಲುಗಾರನಿಗೆ ಬೇಡವಾಯಿತು. ನಮ್ಮ ತಾಯಂದಿರಿಗೆ ಬರುವ ಒಟಿಪಿ ಸಂದೇಶ ನೋಡಿ. ಇಂಗ್ಲಿಷಿನ ಎರಡು ಸಾಲು, ನಡುವೆ ಆರು ಅಂಕಿ. 'ಹಂಚಬೇಡಿ' ಎಂಬುದು ಅವರಿಗೆ ಓದಲಾಗದ ಭಾಷೆಯಲ್ಲಿದೆ, ಓದಿ ಹೇಳಬಹುದಾದದ್ದು ಅಂಕಿ ಒಂದೇ. ಹಾಗಾಗಿ ಅವರು ಅಂಕಿಯನ್ನು ಓದಿ ಹೇಳಿಬಿಡುತ್ತಾರೆ. ಇದು ಅವರ ದಡ್ಡತನವೇ? ಬ್ಯಾಂಕಿನ ಪ್ರತಿ ಎಚ್ಚರಿಕೆಯೂ ಗಿರಾಕಿ ಆರಿಸಿದ ಭಾಷೆಯಲ್ಲಿ ಬರಬೇಕು ಎಂದು ನಾವು ಕೇಳುವುದು ಭಾಷೆಯ ಶೋಕಿಗಲ್ಲ. ಬೆಂಕಿ ಬಿದ್ದಾಗ ಕೂಗುವ ಕೂಗು ಮನೆಯವರಿಗೆ ಅರ್ಥವಾಗಬೇಕಲ್ಲವೇ?

ಬ್ಯಾಂಕು ಬದಲಾಗುವವರೆಗೆ ನಿಮ್ಮ ಕೈಲಿರುವ ಒಂದು ಕೆಲಸ ಹೇಳುತ್ತೇನೆ. ಇವತ್ತು ಸಂಜೆ ಮನೆಗೆ ಹೋದವರೇ ಅಮ್ಮನ ಫೋನಿನ ಸೆಟ್ಟಿಂಗ್ಸಿಗೆ ಹೋಗಿ ಭಾಷೆಯನ್ನು ಕನ್ನಡ ಮಾಡಿ. ಆಂಡ್ರಾಯ್ಡಿನಲ್ಲಿ ಕನ್ನಡ ಎಂದೋ ಬಂದಿದೆ. ಅನುಮತಿ ಕೇಳುವ ಪೆಟ್ಟಿಗೆ ಕನ್ನಡದಲ್ಲಿ ಬಂದರೆ ಅಮ್ಮ ಓದುತ್ತಾರೆ, ಓದಿದರೆ ಅನುಮಾನ ಪಡುತ್ತಾರೆ. ನಿಮ್ಮ ಫೋನನ್ನೂ ಕನ್ನಡಕ್ಕೆ ಹಾಕಿಕೊಳ್ಳಲು ನಿಮಗೇನು ಕಷ್ಟ?

ಫೋನಿನಲ್ಲಿ ಪೊಲೀಸು, ಫೋನಿನಲ್ಲೇ ಜೈಲು

ಇನ್ನು 'ಡಿಜಿಟಲ್ ಅರೆಸ್ಟ್' ಎಂಬ ದೊಡ್ಡ ನಾಟಕ. ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮ ಆಧಾರ್ ಬಳಸಿ ಕಪ್ಪು ಹಣ ಸಾಗಿಸಿದ್ದಾರೆ ಎಂದು ಫೋನು. ಮರುಕ್ಷಣ ವಿಡಿಯೋ ಕರೆಯಲ್ಲಿ ಖಾಕಿ ಬಟ್ಟೆ, ಹಿಂದೆ ಲಾಂಛನ, ಕೆಲವೊಮ್ಮೆ ಕೋರ್ಟಿನ ಸೆಟ್ಟು. ಕ್ಯಾಮೆರಾ ಆರಿಸಬೇಡಿ, ಮನೆಯವರಿಗೆ ಹೇಳಬೇಡಿ, 'ಪರಿಶೀಲನೆ'ಗೆ ಹಣ ಕಳಿಸಿ. ಓದಿದ ನಿವೃತ್ತ ಅಧಿಕಾರಿಗಳು, ವೈದ್ಯರು, ಸಾಫ್ಟ್‌ವೇರ್ ಎಂಜಿನಿಯರುಗಳು ದಿನಗಟ್ಟಲೆ ತಮ್ಮ ಕೋಣೆಯಲ್ಲೇ ಕೈದಿಯಾಗಿ ಕೂತು ಜೀವಮಾನದ ಗಳಿಕೆ ಕಳಿಸಿದ್ದಾರೆ. 2024ರ ಅಕ್ಟೋಬರ್ 27ರಂದು ಪ್ರಧಾನಿ ತಮ್ಮ ಬಾನುಲಿ ಭಾಷಣದಲ್ಲೇ ಈ ಬಗ್ಗೆ ಎಚ್ಚರಿಸಬೇಕಾಯಿತು. 2025ರಲ್ಲಿ ಸುಪ್ರೀಂ ಕೋರ್ಟು ತಾನಾಗಿಯೇ ವಿಷಯ ಕೈಗೆತ್ತಿಕೊಂಡು ಸಿಬಿಐ ತನಿಖೆಗೆ ಆದೇಶ ಮಾಡಿತು.

ನೆನಪಿಡಿ. ಈ ದೇಶದ ಯಾವ ಕಾನೂನಿನಲ್ಲೂ ಡಿಜಿಟಲ್ ಅರೆಸ್ಟ್ ಎಂಬುದಿಲ್ಲ. ಯಾವ ಪೊಲೀಸೂ ವಿಡಿಯೋ ಕರೆಯಲ್ಲಿ ಬಂಧಿಸುವುದಿಲ್ಲ. ಯಾವ ನ್ಯಾಯಾಧೀಶರೂ ಯುಪಿಐನಲ್ಲಿ ಠೇವಣಿ ಕೇಳುವುದಿಲ್ಲ. 'ಯಾರಿಗೂ ಹೇಳಬೇಡ' ಎಂದನೋ, ಅವನು ಕಳ್ಳ. ಫೋನು ಇಡಿ, ಪಕ್ಕದ ಮನೆಯವರ ಬಾಗಿಲು ಬಡಿಯಿರಿ.

ದನಿಯನ್ನೂ ಈಗ ನಂಬುವ ಹಾಗಿಲ್ಲ. ನೀವು ಹಾಕಿದ ಚಿಕ್ಕ ವಿಡಿಯೋ ತುಣುಕಿನಿಂದ ನಿಮ್ಮ ಧ್ವನಿಯನ್ನೇ ಯಂತ್ರ ನಕಲು ಮಾಡುತ್ತದೆ. 'ಅಮ್ಮಾ, ಆಕ್ಸಿಡೆಂಟ್ ಆಗಿದೆ, ದುಡ್ಡು ಹಾಕು' ಎಂದು ನಿಮ್ಮ ದನಿಯಲ್ಲೇ ಫೋನು ಹೋದರೆ? ಮನೆಯವರೆಲ್ಲ ಕೂತು ಒಂದು ಗುಟ್ಟಿನ ಪದ ಇಟ್ಟುಕೊಳ್ಳಿ. ಅಜ್ಜಿಯ ಮನೆಯ ಹಸುವಿನ ಹೆಸರಾದರೂ ಆದೀತು. ತುರ್ತು ಎಂದು ದುಡ್ಡು ಕೇಳಿದವರು ಆ ಪದ ಹೇಳಲಿ.

ಯುಪಿಐ ಬಗ್ಗೆ ಒಂದೇ ಸೂತ್ರ. ಹಣ ಬರಲು ಪಿನ್ ಬೇಡ. ಪಿನ್ ಒತ್ತಿದರೆ ಹಣ ಹೋಗುತ್ತದೆ. ಹಳೇ ಸೋಫಾ ಮಾರಲು ಜಾಹೀರಾತು ಹಾಕಿದವರಿಗೆ 'ಈ ಕ್ಯೂಆರ್ ಸ್ಕ್ಯಾನ್ ಮಾಡಿ, ದುಡ್ಡು ಬರುತ್ತೆ' ಎನ್ನುವವನು ಕೊಳ್ಳುವವನಲ್ಲ, ದೋಚುವವನು. ವ್ಯಕ್ತಿಯಿಂದ ವ್ಯಕ್ತಿಗೆ ಹಣದ ಕೋರಿಕೆ ಕಳಿಸುವ ಸೌಲಭ್ಯ ಮೋಸಕ್ಕೆ ದಾರಿಯಾಗಿತ್ತೆಂದು 2025ರ ಅಕ್ಟೋಬರಿನಿಂದ ಅದನ್ನು ನಿಲ್ಲಿಸಿದ್ದಾರೆ. ಒಂದು ಬಾಗಿಲು ಮುಚ್ಚಿತು, ಕ್ಯೂಆರ್ ಎಂಬ ಕಿಟಕಿ ತೆರೆದೇ ಇದೆ. ಅಂಗಡಿ ಇಟ್ಟ ಹುಡುಗರಿಗೆ ಇನ್ನೊಂದು ಮಾತು. ಗಿರಾಕಿ ತೋರಿಸುವ ಹಣ ಕಳಿಸಿದ ಚಿತ್ರವನ್ನು ನಂಬಬೇಡಿ, ಅಂಥ ಸುಳ್ಳು ಚಿತ್ರ ತೋರಿಸುವ ಆ್ಯಪ್‌ಗಳೇ ಇವೆ. ನಿಮ್ಮ ಖಾತೆಗೆ ಬಂತೋ ನೋಡಿ.

ಲಿಂಕುಗಳ ವಿಷಯ. ವಿಳಾಸವನ್ನು ನಾವು ಎಡದಿಂದ ಓದುತ್ತೇವೆ, ಕಳ್ಳ ಅದನ್ನು ಬಲ್ಲ. ಮೊದಲಿಗೆ ಬ್ಯಾಂಕಿನ ಹೆಸರು ಹಾಕಿ, ಬಾಲದಲ್ಲಿ ತನ್ನ ಅಂಗಡಿಯ ಹೆಸರು ಇಡುತ್ತಾನೆ. ಮೊದಲ ಒಂಟಿ ಓರೆಗೆರೆಗೆ ಮುಂಚೆ ಏನಿದೆಯೋ ಅದೇ ಅಸಲಿ ಮಾಲೀಕನ ಹೆಸರು. ಲಕೋಟೆಯ ಮೇಲೆ 'ಮೈಸೂರು ಅರಮನೆ' ಎಂದು ಬರೆದು ಕೆಳಗೆ ಯಾವುದೋ ಓಣಿಯ ವಿಳಾಸ ಹಾಕಿದರೆ ಅಂಚೆಯವನು ಹೋಗುವುದು ಓಣಿಗೇ ತಾನೆ? ರಿಸರ್ವ್ ಬ್ಯಾಂಕು ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂಬ ಬಾಲದ ವಿಳಾಸಕ್ಕೆ ಬದಲಾಗಬೇಕೆಂದು ಹೇಳಿತ್ತು. ಬ್ಯಾಂಕಿನ ಪುಟ ತೆರೆದಾಗ ಆ ಬಾಲ ಇದೆಯೇ ನೋಡುವ ಅಭ್ಯಾಸ ಮಾಡಿಕೊಳ್ಳಿ. ಪಕ್ಕದಲ್ಲಿ ಬೀಗದ ಚಿತ್ರವಿದೆ ಎಂದು ಮೋಸ ಹೋಗಬೇಡಿ. ದಾರಿಯಲ್ಲಿ ಯಾರೂ ಕದ್ದು ಓದಲಾರರು ಎಂದಷ್ಟೇ ಅದರರ್ಥ. ಕಳ್ಳನ ಮನೆಗೂ ಬೀಗ ಇರುತ್ತದೆ.

ಒಂದೇ ಕೀಲಿ, ಹತ್ತು ಬೀಗ

ನಿಮ್ಮ ಪಾಸ್‌ವರ್ಡ್ ಏನು ಅಂತ ನಾನು ಕೇಳುವುದಿಲ್ಲ. ಆದರೆ ಈಮೇಲಿಗೂ, ಇನ್‌ಸ್ಟಾಗ್ರಾಮಿಗೂ, ಬ್ಯಾಂಕಿಗೂ, ಊಟ ತರಿಸುವ ಆ್ಯಪ್‌ಗೂ ಒಂದೇ ಇದೆಯಲ್ಲವೇ? ಅಲ್ಲೇ ಇರುವುದು ಅಪಾಯ. ಯಾವುದೋ ಸಣ್ಣ ಕಂಪನಿಯ ಕಣಜ ಒಡೆದು ಪಾಸ್‌ವರ್ಡುಗಳು ಸೋರಿದರೆ, ಕಳ್ಳರು ಆ ಪಟ್ಟಿ ಹಿಡಿದು ಎಲ್ಲ ಬಾಗಿಲಿಗೂ ಹಾಕಿ ನೋಡುತ್ತಾರೆ. ಕೈಯಿಂದಲ್ಲ, ಯಂತ್ರದಿಂದ.

ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿ ಉದ್ದ ಪಾಸ್‌ವರ್ಡ್ ಮಾಡಿ. ಏಣಿ, ಮಜ್ಜಿಗೆ, ತಿಗಣೆ, ಗೋಪುರ, ಹೀಗೆ. ಇದನ್ನೇ ಹಾಕಬೇಡಿ ಮತ್ತೆ, ಅಚ್ಚಾಗಿ ಹೋಯಿತು! ಸಿನಿಮಾ ಹಾಡು, ಗಾದೆ, ನೆಚ್ಚಿನ ನಟನ ಹೆಸರು, ಹುಟ್ಟಿದ ದಿನ ಬೇಡ. ಎಲ್ಲರಿಗೂ ಗೊತ್ತಿರುವುದು ಯಂತ್ರಕ್ಕೂ ಗೊತ್ತು. ಎಲ್ಲಕ್ಕಿಂತ ಗಟ್ಟಿ ಪಾಸ್‌ವರ್ಡ್ ಈಮೇಲಿಗೆ ಇರಲಿ. 'ಪಾಸ್‌ವರ್ಡ್ ಮರೆತೆ' ಎಂದಾಗ ಎಲ್ಲ ಬಾಗಿಲ ಹೊಸ ಕೀಲಿ ಬರುವುದು ಅಲ್ಲಿಗೇ.

ಆಮೇಲೆ ಎರಡನೆಯ ಬೀಗ. ವಾಟ್ಸಾಪಿನ ಸೆಟ್ಟಿಂಗ್ಸಿನಲ್ಲಿ, ಖಾತೆಯ ವಿಭಾಗದಲ್ಲಿ ಎರಡು ಹಂತದ ಪರಿಶೀಲನೆ ಎಂದಿದೆ. ಆರಂಕಿಯ ಪಿನ್ ಹಾಕಿಡಿ. 'ತಪ್ಪಿ ನಿನ್ನ ನಂಬರಿಗೆ ಒಂದು ಕೋಡು ಬಂದಿದೆ, ಕಳಿಸು ಮಗಾ' ಎಂದು ಗೆಳೆಯನ ಹೆಸರಿನಲ್ಲಿ ಕೇಳುವವನು ಗೆಳೆಯನಲ್ಲ. ಆ ಗೆಳೆಯನ ಖಾತೆ ಆಗಲೇ ಕಳುವಾಗಿದೆ, ಈಗ ಸರದಿ ನಿಮ್ಮದು.

ಪೆನ್‌ಡ್ರೈವು ಎಂಬ ಸೊಳ್ಳೆ

ನಮ್ಮ ಕಸುಬಿನ ಗುಟ್ಟೊಂದನ್ನು ಬಿಚ್ಚಿಡುತ್ತೇನೆ. ಊರಿನ ಕಂಪ್ಯೂಟರ್ ರೋಗಗಳೆಲ್ಲ ಬಂದು ಕೂಡುತ್ತಿದ್ದ ಜಾಗ ಎಂದರೆ ಪ್ರಿಂಟಿಂಗ್ ಪ್ರೆಸ್ಸು ಮತ್ತು ಜೆರಾಕ್ಸ್ ಅಂಗಡಿ. ದಿನಕ್ಕೆ ಇಪ್ಪತ್ತು ಪೆನ್‌ಡ್ರೈವು ಬರುತ್ತದೆ. ಒಂದರ ರೋಗ ನಮ್ಮ ಕಂಪ್ಯೂಟರಿಗೆ, ಅಲ್ಲಿಂದ ಉಳಿದ ಹತ್ತೊಂಬತ್ತಕ್ಕೆ. 2008ರಲ್ಲಿ ಕಾಣಿಸಿಕೊಂಡ ಕಾನ್‌ಫಿಕರ್ ಹರಡಿದ ದಾರಿಗಳಲ್ಲಿ ಇದೂ ಒಂದು. ಜೊತೆಗೆ ನಮ್ಮಲ್ಲಿ ಎಷ್ಟೋ ಕಡೆ ಇಂದಿಗೂ ಕಳ್ಳ ಪ್ರತಿಯ ಸಾಫ್ಟ್‌ವೇರು, ಹಳೆಯ ಪೇಜ್‌ಮೇಕರು ಓಡಲಿ ಎಂದು ಉಳಿಸಿಕೊಂಡ ಹಳೆಯ ವಿಂಡೋಸು. ಬಿಟ್ಟಿ ಸಿಗುವ 'ಕ್ರ್ಯಾಕ್' ಎಂಬುದು ಬಿಟ್ಟಿಯಲ್ಲ ಗೆಳೆಯರೇ, ಅದನ್ನು ಕಟ್ಟಿಕೊಟ್ಟವನು ದಾನಶೂರ ಕರ್ಣನಲ್ಲ.

2017ರ ಮೇ 12ರಂದು ವಾನಾಕ್ರೈ ಎಂಬ ಸುಲಿಗೆಕೋರ ವೈರಸ್ಸು ನೂರೈವತ್ತು ದೇಶಗಳಲ್ಲಿ ಲಕ್ಷಗಟ್ಟಲೆ ಕಂಪ್ಯೂಟರುಗಳ ಕಡತಗಳಿಗೆ ಬೀಗ ಹಾಕಿ, ಬಿಡಿಸಲು 300 ಡಾಲರ್ ಬಿಟ್‌ಕಾಯಿನ್ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ಸು ಕಳಿಸಿದವು. ನೋವಿನ ಸಂಗತಿಯೆಂದರೆ, ಆ ಬಿರುಕು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟ್ ಅದೇ ಮಾರ್ಚಿನಲ್ಲಿ, ಎರಡು ತಿಂಗಳ ಮುಂಚೆಯೇ ಕೊಟ್ಟಿತ್ತು. ಹಾಕಿಕೊಳ್ಳದವರು ಕೆಟ್ಟರು. ನಮ್ಮ ದೇಶದಲ್ಲೂ 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳು ಇಂಥದೇ ದಾಳಿಗೆ ಸಿಕ್ಕು, ದಿನಗಟ್ಟಲೆ ಪೆನ್ನು ಕಾಗದದಲ್ಲಿ ಕೆಲಸ ನಡೆಯಿತು.

ಆದ್ದರಿಂದ 'ಅಪ್‌ಡೇಟ್' ಎಂದು ಫೋನು ಕೇಳಿದಾಗ ನಾಳೆಗೆ ತಳ್ಳಬೇಡಿ. ವಿಂಡೋಸ್ 10ರ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಮನೆಯ ಕಂಪ್ಯೂಟರು ಯಾವುದು ನೋಡಿಕೊಳ್ಳಿ. ಫೋಟೋ, ಮಾರ್ಕ್ಸ್ ಕಾರ್ಡು, ಪ್ರಾಜೆಕ್ಟು ಎಲ್ಲದರ ಇನ್ನೊಂದು ಪ್ರತಿ ಬೇರೆ ಡ್ರೈವಿನಲ್ಲಿರಲಿ. ಪ್ರತಿ ಮಾಡಿ ಆದ ಮೇಲೆ ಆ ಡ್ರೈವನ್ನು ಕಂಪ್ಯೂಟರಿನಿಂದ ಕಿತ್ತಿಡಿ. ಸಿಕ್ಕಿಸಿಯೇ ಇಟ್ಟರೆ ವೈರಸ್ಸು ಅದಕ್ಕೂ ಬೀಗ ಹಾಕುತ್ತದೆ.

ನಿಮ್ಮ ಖಾತೆ ಬಾಡಿಗೆಗಿದೆಯೇ?

ಇನ್ನು ಮುಂದಿನದನ್ನು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ಹೇಳಬೇಕು. ನನ್ನ ದುಡ್ಡು ಮೊದಲು ಹೋಗಿ ಇಳಿದದ್ದು ಎಲ್ಲಿ ಗೊತ್ತೇ? ಒಬ್ಬ ಡಿಗ್ರಿ ಕಾಲೇಜು ಹುಡುಗನ ಖಾತೆಗೆ. ನಿಮ್ಮ ವಯಸ್ಸಿನವನು. ಯಾರೋ 'ನಿನ್ನ ಖಾತೆ ಒಂದು ವಾರ ಕೊಡು, ಐದು ಸಾವಿರ ತಗೋ' ಎಂದರಂತೆ. ಪಾಸ್‌ಬುಕ್ಕು, ಎಟಿಎಂ ಕಾರ್ಡು, ಸಿಮ್ಮು ಎಲ್ಲ ಕೊಟ್ಟ. ನನ್ನ ಕಾಗದದ ದುಡ್ಡು ಅವನ ಹೆಸರಿನಲ್ಲಿ ಹೊರಬಂತು. ಅಸಲಿ ಕಳ್ಳ ಎಲ್ಲೋ ಇದ್ದಾನೆ. ಪೊಲೀಸರ ಕಡತದಲ್ಲಿರುವ ಹೆಸರು ಈ ಹುಡುಗನದು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ಹೋದವನು ಠಾಣೆಯ ಬೆಂಚಿನ ಮೇಲೆ ಕೂತಿದ್ದ ಅವನ ಅಪ್ಪನ ಮುಖ ನೋಡಿ ಸುಮ್ಮನೆ ಬಂದೆ.

ಖಾತೆ, ಸಿಮ್ಮು, ಆಧಾರ್ ಯಾರಿಗೂ ಬಾಡಿಗೆಗೆ ಕೊಡಬೇಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮು ಓಡುತ್ತಿವೆ ಎಂದು ಕೇಂದ್ರದ 'ಸಂಚಾರ್ ಸಾಥಿ' ಪೋರ್ಟಲ್ಲಿನಲ್ಲಿ ನೋಡಬಹುದು. ನಿಮ್ಮದಲ್ಲದ್ದು ಕಂಡರೆ ಅಲ್ಲೇ ದೂರು ಕೊಡಿ.

ಕೆಲಸದ ಆಸೆಗೂ ಬಲೆ ಬೀಸಿದ್ದಾರೆ. ವಿಡಿಯೋಗೆ ಲೈಕ್ ಒತ್ತಿದರೆ ದುಡ್ಡು ಎಂದು ಮೊದಲು ನೂರೈವತ್ತು ಕೊಟ್ಟು, ಆಮೇಲೆ ಲಕ್ಷ ಕೀಳುವುದು ಒಂದು ಬಗೆ. ವಿದೇಶದಲ್ಲಿ ಡೇಟಾ ಎಂಟ್ರಿ ಕೆಲಸ ಎಂದು ಥಾಯ್ಲೆಂಡಿಗೆ ಕರೆಸಿ, ಗಡಿ ದಾಟಿಸಿ, ಮ್ಯಾನ್ಮಾರಿನ ಬೇಲಿಯೊಳಗೆ ಕೂಡಿಹಾಕಿ, ನಮ್ಮವರಿಂದಲೇ ನಮ್ಮವರಿಗೆ ಮೋಸದ ಫೋನು ಮಾಡಿಸುವುದು ಇನ್ನೊಂದು ಬಗೆ. 2025ರ ಮಾರ್ಚಿನಲ್ಲಿ ಹೀಗೆ ಸಿಕ್ಕಿಬಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಆ ಕಡೆಯಿಂದ ನಿಮಗೆ ಫೋನು ಮಾಡುವವನು ಕೆಲವೊಮ್ಮೆ ಹೊಡೆತ ತಿಂದ ಗುಲಾಮನೂ ಆಗಿರಬಹುದು.

ಕೊನೆಯದು, ಹುಡುಗರು ಯಾರಿಗೂ ಹೇಳಲಾಗದೆ ಸಾಯುವ ವಿಷಯ. ಅಪರಿಚಿತ ಹುಡುಗಿಯ ವಿಡಿಯೋ ಕರೆ, ಎರಡು ನಿಮಿಷದ ದುಡುಕು, ಅದರ ಚಿತ್ರ ಇಟ್ಟುಕೊಂಡು ಬೆದರಿಕೆ. ಹೆಣ್ಣುಮಕ್ಕಳ ಸಾದಾ ಫೋಟೋವನ್ನೇ ತಿರುಚಿ ಹೆದರಿಸುವುದೂ ಇದೆ. ಸಾಲದ ಆ್ಯಪ್‌ಗಳು ನಿಮ್ಮ ಸಂಪರ್ಕ ಪಟ್ಟಿ ಹಿಡಿದು ಮಾನ ಹರಾಜು ಹಾಕುವುದೂ ಇದೇ ಜಾತಿ. ಸಾಲದ ಆ್ಯಪ್ ನಿಮ್ಮ ಸಂಪರ್ಕ ಪಟ್ಟಿ, ಫೋಟೋ ಮುಟ್ಟಕೂಡದು ಎಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಒಂದು ರೂಪಾಯಿ ಕೊಟ್ಟರೂ ಅವರು ನಿಲ್ಲುವುದಿಲ್ಲ, ಮತ್ತೆ ಕೇಳುತ್ತಾರೆ. ಕೊಡಬೇಡಿ. ಸಂದೇಶಗಳನ್ನು ಅಳಿಸಬೇಡಿ, ಅವೇ ಸಾಕ್ಷಿ. ಅಕ್ಕನಿಗೋ, ಗೆಳೆಯನಿಗೋ, ಮೇಷ್ಟರಿಗೋ ಹೇಳಿ. ತಪ್ಪು ಮಾಡಿದವನು ಅವನು. ನೇಣು ಹಾಕಿಕೊಳ್ಳಬೇಕಾದಷ್ಟು ದೊಡ್ಡದು ಇದರಲ್ಲಿ ಏನೂ ಇಲ್ಲ.

ಆದದ್ದಾಯಿತು, ಈಗೇನು?

ಮೋಸ ಹೋದ ಆ ಕ್ಷಣದಲ್ಲಿ ಫೋನಿನ ಡೇಟಾ ಆರಿಸಿ. ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ. ದುಡ್ಡು ಹಾರುತ್ತಿರುವ ಖಾತೆಗಳನ್ನು ಹಿಂಬಾಲಿಸಿ ತಡೆಹಿಡಿಯುವ ವ್ಯವಸ್ಥೆ ಅವರಲ್ಲಿದೆ, ಆದರೆ ಅದು ಗಡಿಯಾರದ ಜೊತೆ ಓಟ. ಬ್ಯಾಂಕಿಗೂ ತಿಳಿಸಿ ಖಾತೆ, ಕಾರ್ಡು ನಿಲ್ಲಿಸಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಪೋರ್ಟಲ್ಲಿನಲ್ಲೂ ದೂರು ದಾಖಲಿಸಬಹುದು. ಕೆಟ್ಟ ಆ್ಯಪ್ ಹೊಕ್ಕಿದ್ದರೆ, ಸಾಕ್ಷಿಯ ಚಿತ್ರಗಳನ್ನು ತೆಗೆದಿಟ್ಟು ಫೋನನ್ನು ಪೂರ್ತಿ ಅಳಿಸಿ ಹೊಸದಾಗಿ ಹೊಂದಿಸಿ. ಪಾಸ್‌ವರ್ಡುಗಳನ್ನು ಬೇರೆ ಫೋನಿನಿಂದ ಬದಲಾಯಿಸಿ. ನಿಮ್ಮ ಹೆಸರಿನಲ್ಲಿ ಹೋದ ಸಂದೇಶ ತೆರೆಯಬೇಡಿ ಎಂದು ಎಲ್ಲರಿಗೂ ತಿಳಿಸಿ.

ಠಾಣೆಗೆ ಹೋಗಲು ಹೆದರಬೇಡಿ. ಇದೇ ಬೆಂಗಳೂರಿನಲ್ಲಿ 2001ರಲ್ಲಿ ದೇಶದ ಮೊದಲ ಸೈಬರ್ ಅಪರಾಧ ಠಾಣೆ ಶುರುವಾಯಿತು. ಇಂದು ಸಿಇಎನ್ ಠಾಣೆಗಳು ಜಿಲ್ಲೆಗಳಲ್ಲೂ ಇವೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಇನ್ನೊಬ್ಬರ ಪಾಸ್‌ವರ್ಡ್, ಗುರುತು ಕದ್ದವನಿಗೆ, 66ಡಿ ವೇಷ ಹಾಕಿ ವಂಚಿಸಿದವನಿಗೆ ಮೂರು ವರ್ಷದವರೆಗೆ ಜೈಲು ಹೇಳುತ್ತದೆ. ದೂರನ್ನು ಕನ್ನಡದಲ್ಲೇ ಬರೆದುಕೊಡಿ, ನಾನು ಕನ್ನಡದಲ್ಲೇ ಕೊಟ್ಟೆ.

ನಾಡಿಗಾಗಿ ಏನು ಮಾಡಲಿ ಎಂದು ನಮ್ಮ ಹುಡುಗರು ಆಗಾಗ ಕೇಳುತ್ತಾರೆ. ಈ ತಿಂಗಳು ಒಂದು ಕೆಲಸ ಮಾಡಿ. ನಿಮ್ಮ ಬೀದಿಯ ಹತ್ತು ಮನೆಗೆ ಹೋಗಿ. ಹೂ ಮಾರುವ ಅಜ್ಜಿ, ಆಟೋ ಓಡಿಸುವ ಅಣ್ಣ, ನಿವೃತ್ತ ಮೇಷ್ಟರು. ಅವರ ಫೋನು ಕನ್ನಡಕ್ಕೆ ಹಾಕಿ, ವಾಟ್ಸಾಪಿಗೆ ಎರಡನೆಯ ಬೀಗ ಹಾಕಿಸಿ, ಹಣ ಬರಲು ಪಿನ್ ಬೇಡ ಎಂದು ಹೇಳಿ. 1930 ಎಂಬ ನಾಲ್ಕಂಕಿಯನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದು ಬನ್ನಿ. ಕರಪತ್ರ ಬೇಕಾದರೆ ಪ್ರೆಸ್ಸಿಗೆ ಬನ್ನಿ, ಅಚ್ಚಿನ ಕೂಲಿ ನನಗೆ ಬೇಡ, ಕಾಗದ ತಂದರೆ ಸಾಕು.

ಹಾಂ, ಮ್ಯಾಟರನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ. ಬರೆದು ಕೈಲೇ ತನ್ನಿ.